ಕಡ್ಡಿ ಎರಡೇ, ಸಾಮಾನು ನೂರೆಂಟು

ಚಳಿಗಾಲ ಹತ್ತಿರ ಬಂತೆಂದರೆ ನಮ್ಮ ಊರುಗಳ ಫ್ಯಾನ್ಸಿ ಸ್ಟೋರುಗಳಲ್ಲಿ, ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಉಲ್ಲನ್ ಉಂಡೆಗಳು ಮುಂದಿನ ಸಾಲಿಗೆ ಬರುತ್ತವೆ. ಹೆಣಿಗೆ ಕಡ್ಡಿ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, ‘ಎಷ್ಟನೇ ನಂಬರ್ ಅಕ್ಕಾ?’ ಮೊಬೈಲಿನಲ್ಲಿ ಅಮೆರಿಕದ ಯಾವುದೋ ಸ್ವೆಟರಿನ ಮಾದರಿ ಇಟ್ಟುಕೊಂಡು ಬಂದವರು ಅದರಲ್ಲಿದ್ದಂತೆ ‘ಎಂಟು’ ಎನ್ನುತ್ತಾರೆ. ಅಂಗಡಿಯವರು ಎಂಟನೇ ನಂಬರಿನ ಜೋಡಿಯನ್ನೇ ತೆಗೆದುಕೊಡುತ್ತಾರೆ. ಇಬ್ಬರದೂ ತಪ್ಪಿಲ್ಲ, ಆದರೂ ಸ್ವೆಟರ್ ಬಿಗಿಯಾಗುತ್ತದೆ. ಇಲ್ಲಿ ಸಿಗುವ ಎಂಟು ಬ್ರಿಟಿಷರ ಲೆಕ್ಕದ ಎಂಟು, ಅಂದರೆ 4 ಮಿಲಿಮೀಟರ್ ದಪ್ಪ. ಅಮೆರಿಕದ ಎಂಟು 5 ಮಿಲಿಮೀಟರ್. ಜಪಾನಿನ ಪುಸ್ತಕ ನೋಡಿ ಹೆಣೆಯುವವರಿಗೆ ಅದೇ ಎಂಟು 4.5 ಮಿಲಿಮೀಟರ್. ಸಾಲದ್ದಕ್ಕೆ, ಬ್ರಿಟಿಷ್ ಲೆಕ್ಕದಲ್ಲಿ ನಂಬರು ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಉಳಿದೆರಡರಲ್ಲಿ ದಪ್ಪವಾಗುತ್ತದೆ.

ಈ ತಲೆಕೆಳಗಾದ ಲೆಕ್ಕ ಬಂದದ್ದು ತಂತಿ ಎಳೆಯುವವರಿಂದ. ದಪ್ಪ ತಂತಿಯನ್ನು ಉಕ್ಕಿನ ಅಚ್ಚಿನ ತೂತಿನಲ್ಲಿ ಎಳೆದು, ಮತ್ತೆ ಅದಕ್ಕಿಂತ ಸಣ್ಣ ತೂತಿನಲ್ಲಿ ಎಳೆದು ತೆಳು ಮಾಡುತ್ತಾ ಹೋಗುತ್ತಾರೆ. ಎಳೆದ ಸಲ ಹೆಚ್ಚಿದಷ್ಟೂ ನಂಬರು ದೊಡ್ಡದು, ತಂತಿ ಸಣ್ಣದು. ಬ್ರಿಟನ್ನಿನಲ್ಲಿ 1884ರಲ್ಲಿ ಅಧಿಕೃತವಾದ ಸ್ಟ್ಯಾಂಡರ್ಡ್ ವೈರ್ ಗೇಜ್ ಪ್ರಕಾರ 8ನೇ ಗೇಜ್ ಎಂದರೆ 4.06 ಮಿಲಿಮೀಟರ್, 10 ಎಂದರೆ 3.25, 14 ಎಂದರೆ 2.03. ಹೆಣಿಗೆ ಕಡ್ಡಿಯ ನಂಬರುಗಳು ಇದರ ನೆರಳೇ. ನಮ್ಮಲ್ಲಿ ಮೋಟಾರ್ ವೈಂಡಿಂಗ್ ಮಾಡುವವರು ಇವತ್ತಿಗೂ ತಾಮ್ರದ ತಂತಿಯನ್ನು ಈ ಗೇಜಿನಲ್ಲೇ ಕೇಳುತ್ತಾರೆ. ಸಾಧಾರಣ ಸೈಕಲ್ಲಿನ ಚಕ್ರದ ಕಡ್ಡಿಯೂ 14 ಗೇಜಿನದೇ. ಅದರ ತುದಿಯನ್ನು ನಯವಾಗಿ ಉಜ್ಜಿದರೆ ಕಾಲುಚೀಲ ಹೆಣೆಯುವ 14ನೇ ನಂಬರ್ ಕಡ್ಡಿ ಸಿದ್ಧ. ಬ್ರಿಟನ್ 1970ರ ದಶಕದಲ್ಲಿ ಕಡ್ಡಿಗಳನ್ನು ಮಿಲಿಮೀಟರಿಗೆ ಬದಲಿಸಿಕೊಂಡಿತು. ನಮ್ಮ ಅಂಗಡಿಗಳಲ್ಲಿ ಹಳೆಯ ನಂಬರೇ ಉಳಿಯಿತು.

ಹಾಗಾಗಿ ಕಡ್ಡಿ, ದಾರ ಬಿಟ್ಟರೆ ಹೆಣೆಯುವವರ ಕೈಯಲ್ಲಿ ಇರಲೇಬೇಕಾದ ಮೊದಲ ಸಾಮಾನು ಗೇಜ್ ಪಟ್ಟಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ಯಂತ್ರವೇನೂ ಇಲ್ಲ. ಪ್ಲಾಸ್ಟಿಕ್ಕಿನದೋ ಲೋಹದ್ದೋ ಒಂದು ತುಂಡು, ಅದರ ತುಂಬ ಅಳತೆಗೊಂದರಂತೆ ತೂತುಗಳು, ಪಕ್ಕದಲ್ಲಿ ಮಿಲಿಮೀಟರ್. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಇದನ್ನು ಗಂಟೆಯ ಆಕಾರದಲ್ಲಿ ಮಾಡುತ್ತಿದ್ದರು; ಹಳೆಯ ಸಾಮಾನು ಕೂಡಿಡುವವರು ಈಗ ಅದಕ್ಕಾಗಿ ಹುಡುಕಾಡುತ್ತಾರೆ. ಬಳಸುವಾಗ ಗಮನಿಸಬೇಕಾದ್ದು ಒಂದೇ: ತುದಿ ತೂರಿತೆಂದು ಬಿಡಬಾರದು, ಚೂಪಿನ ಭಾಗ ದಾಟಿ ಕಡ್ಡಿಯ ಮೈ ತೂತಿನೊಳಗೆ ಸರಿಯಬೇಕು, ಸರಿದ ಮೇಲೆ ಲೊಡಲೊಡ ಅಲ್ಲಾಡಬಾರದು. ಅಮ್ಮನ, ಅಜ್ಜಿಯ ಕಾಲದ ಬಿಸ್ಕತ್ ಡಬ್ಬಿಯಲ್ಲಿ ಉಳಿದಿರುವ, ನಂಬರು ಅಳಿಸಿಹೋದ ಕಡ್ಡಿಗಳಿಗೆ ಮತ್ತೆ ಜೋಡಿ ಹುಡುಕಿಕೊಡುವುದು ಈ ಪಟ್ಟಿಯೇ.

ಆ ಡಬ್ಬಿಯಲ್ಲಿ ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿಗಳಿದ್ದರೆ ತಲೆಯ ಗುಂಡಿಯ ಮೇಲೆ ‘ಪೋನಿ’ ಎಂದಿರುವ ಸಾಧ್ಯತೆ ಹೆಚ್ಚು. ಅವು ಹುಟ್ಟಿದ್ದು ನಮ್ಮ ಗಡಿಯಾಚೆ, ನೀಲಗಿರಿಯಲ್ಲಿ, ಊಟಿ ರೈಲು ಹಾದುಹೋಗುವ ಕೇತ್ತಿ ಕಣಿವೆಯಲ್ಲಿ. ಇಂಗ್ಲೆಂಡಿನ ಸೂಜಿ ಉದ್ಯಮದ ರಾಜಧಾನಿ ಎನಿಸಿದ್ದ ಊರು ರೆಡ್ಡಿಚ್. ಅದರ ಪಕ್ಕದ ಸ್ಟಡ್ಲಿ ಎಂಬ ಊರಿನ ಸೂಜಿ ಕಂಪನಿ ಭಾರತದಲ್ಲಿ 1949ರಲ್ಲಿ ‘ನೀಡಲ್ ಇಂಡಸ್ಟ್ರೀಸ್’ ಅನ್ನು ನೋಂದಾಯಿಸಿತು; ಕಾರ್ಖಾನೆ ಎದ್ದದ್ದು ಕೇತ್ತಿಯಲ್ಲಿ. ಈ ಕಂಪನಿಗೆ ಇನ್ನೊಂದು ಕಾರಣಕ್ಕೂ ಹೆಸರಿದೆ. ವಿದೇಶಿ ವಿನಿಮಯ ನಿಯಂತ್ರಿಸುವ 1973ರ ಫೆರಾ ಕಾಯ್ದೆ ಬಂದಾಗ ಕಂಪನಿಯಲ್ಲಿದ್ದ ಶೇ 60ರ ವಿದೇಶಿ ಪಾಲನ್ನು ಶೇ 40ಕ್ಕೆ ಇಳಿಸಬೇಕಾಯಿತು. ಹೊಸ ಷೇರು ಹಂಚಿದ ರೀತಿಯ ಬಗ್ಗೆ ಇಂಗ್ಲೆಂಡಿನವರಿಗೂ ಇಲ್ಲಿನ ಆಡಳಿತದವರಿಗೂ ಜಗಳ ಹತ್ತಿ, ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿ, 1981ರಲ್ಲಿ ತೀರ್ಪಾಯಿತು. ಕಂಪನಿ ಕಾನೂನು ಓದುವ ಹುಡುಗರು ಆ ತೀರ್ಪನ್ನು ಈಗಲೂ ಓದುತ್ತಾರೆ, ತಮ್ಮ ಮನೆಯ ಡಬ್ಬಿಯಲ್ಲೇ ಆ ಕಂಪನಿಯ ಮಾಲು ಇದ್ದೀತೆಂದು ಅವರಿಗೆ ಹೊಳೆಯಲಿಕ್ಕಿಲ್ಲ.

ಕಡ್ಡಿ ಯಾವುದರದ್ದಾಗಿರಬೇಕು ಎಂಬುದು ಕೈಗೂ ದಾರಕ್ಕೂ ಬಿಟ್ಟ ವಿಷಯ. ಲೋಹದ ಕಡ್ಡಿಯ ಮೇಲೆ ದಾರ ಸರ್ರನೆ ಜಾರುತ್ತದೆ, ಪಳಗಿದವರಿಗೆ ವೇಗ ಸಿಗುತ್ತದೆ. ಹೊಸಬರಿಗೆ ಅದೇ ಕಷ್ಟ, ನೋಡುನೋಡುತ್ತಿದ್ದಂತೆ ನಾಲ್ಕು ಕುಣಿಕೆ ತುದಿಯಿಂದ ಕಳಚಿಕೊಂಡಿರುತ್ತವೆ. ಬಿದಿರಿನದು ದಾರವನ್ನು ಸ್ವಲ್ಪ ಹಿಡಿದಿಡುತ್ತದೆ, ಕೈಗೆ ತಣ್ಣಗೆ ಹತ್ತುವುದಿಲ್ಲ, ಕೆಳಗೆ ಬಿದ್ದರೆ ಮಲಗಿದ ಮಗು ಏಳುವಷ್ಟು ಸದ್ದಾಗುವುದಿಲ್ಲ. ಸವೆದ ಅಲ್ಯೂಮಿನಿಯಂ ಕಡ್ಡಿ ಬಿಳಿ ದಾರಕ್ಕೆ ಬೂದು ಬಣ್ಣ ಹತ್ತಿಸುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಲೇಪ ಎದ್ದ ಉಕ್ಕಿನ ಕಡ್ಡಿಗೆ ತುಕ್ಕು ಹಿಡಿದರೆ ಆ ಕಲೆ ಒಗೆದರೂ ಹೋಗದು. ಕಲಿಯುವವರಿಗೆ ಬಿದಿರಿನ 4 ಮಿಲಿಮೀಟರ್ ಕಡ್ಡಿ ಸಾಕು. ದುಬಾರಿ ಕಡ್ಡಿ ಬೇಕೆನ್ನುವವರಿಗೆ, ಬಣ್ಣಬಣ್ಣದ ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿ ಕಡೆದ ಕಡ್ಡಿಗಳಿವೆ. ಯುರೋಪ್, ಅಮೆರಿಕದ ಹೆಣೆಗಾರರು ಮೆಚ್ಚಿ ಕೊಳ್ಳುವ ಈ ನಿಟ್‌ಪ್ರೊ ಕಡ್ಡಿಗಳೂ ಭಾರತದ ಕಂಪನಿಯವೇ.

ಉದ್ದ ಕಡ್ಡಿಯ ಜೋಡಿಯಲ್ಲಿ ಅಗಲವಾದ ಹಾಳೆಯಂಥ ತುಂಡು ಹೆಣೆಯಬಹುದು. ನಮ್ಮಲ್ಲಿ ಕಲಿಯುವವರ ಮೊದಲ ಹೆಣಿಗೆ ಸಾಮಾನ್ಯವಾಗಿ ಮಫ್ಲರ್. ಎರಡನೆಯದು ಮನೆಯಲ್ಲಿ ಬಾಣಂತನವಿದ್ದರೆ ಕುಲಾವಿ. ಕುಲಾವಿಯಲ್ಲೇ ತೊಡಕು ಶುರುವಾಗುವುದು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಕುಲಾವಿ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆ ಇರಬೇಕು. ಸಾಧಾರಣ ದಪ್ಪದ ದಾರದಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ, ಅಂದರೆ ಸ್ಟಿಚ್, ಬಂದರೆ ಒಟ್ಟು 72 ಕುಣಿಕೆ ಬೇಕು. ಇದನ್ನು ಜೋಡಿ ಕಡ್ಡಿಯಲ್ಲಿ ಹೆಣೆದರೆ ಹಿಂದೆ ಹೊಲಿಗೆ ಹಾಕಬೇಕಾಗುತ್ತದೆ, ಆ ಹೊಲಿಗೆಯ ಏಣು ಮಲಗಿದ ಮಗುವಿನ ತಲೆಗೆ ಒತ್ತುತ್ತದೆ. ಸುತ್ತಲೂ ಹೆಣೆದರೆ ಹೊಲಿಗೆಯೇ ಇಲ್ಲ. ಅದಕ್ಕೆ ಬೇಕಾದ್ದು ಎರಡೂ ತುದಿ ಚೂಪಾಗಿರುವ ಗಿಡ್ಡ ಕಡ್ಡಿಗಳು: ಮೂರು ಕಡ್ಡಿಗೆ 24ರಂತೆ ಕುಣಿಕೆ ಹಂಚಿ ತ್ರಿಕೋನ ಮಾಡಿ, ನಾಲ್ಕನೆಯದರಿಂದ ಹೆಣೆಯುತ್ತಾ ಸುತ್ತುವುದು. ಹೊಸ ಉಪಾಯವೇನಲ್ಲ. 1400ರ ಆಸುಪಾಸಿನಲ್ಲಿ ಜರ್ಮನಿಯ ಮಾಸ್ಟರ್ ಬರ್ಟ್ರಾಮ್ ಬರೆದ ಬುಕ್ಸ್ಟೆಹುಡೆ ಚರ್ಚಿನ ಚಿತ್ರಫಲಕದಲ್ಲಿ ಮೇರಿ ಮಾತೆ ಕೂತು ಮಗುವಿನ ಅಂಗಿಯ ಕುತ್ತಿಗೆಯನ್ನು ಇದೇ ಬಗೆಯ ಕಡ್ಡಿಗಳಲ್ಲಿ ಸುತ್ತ ಹೆಣೆಯುತ್ತಿದ್ದಾಳೆ. ಚಿತ್ರ ಈಗ ಹ್ಯಾಂಬರ್ಗಿನ ಕಲಾ ಮ್ಯೂಸಿಯಮ್ಮಿನಲ್ಲಿದೆ.

ಗಿಡ್ಡ ಕಡ್ಡಿಗಳ ಈ ಗೋಜಲಿನಿಂದ ಕೈ ಬಿಡಿಸಿದ್ದು ಕೇಬಲ್ ಕಡ್ಡಿ: ಎರಡು ಗಿಡ್ಡ ಕಡ್ಡಿಗಳ ನಡುವೆ ಬಾಗುವ ವೈರು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಬಳಕೆಗೆ ಬಂದ ಇದನ್ನು ಅಮೆರಿಕದಲ್ಲಿ ಮನೆಮಾತು ಮಾಡಿದವರಲ್ಲಿ ಎಲಿಜಬೆತ್ ಜಿಮ್ಮರ್‌ಮನ್ ದೊಡ್ಡ ಹೆಸರು. ಇಂಗ್ಲೆಂಡಿನಲ್ಲಿ ಹುಟ್ಟಿ ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ ಈ ಮಹಿಳೆ 1971ರಲ್ಲಿ ಬರೆದ ‘ನಿಟ್ಟಿಂಗ್ ವಿದೌಟ್ ಟಿಯರ್ಸ್’ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ. ಸ್ವೆಟರನ್ನು ತುಂಡು ತುಂಡಾಗಿ ಹೆಣೆದು ಹೊಲಿಯುವ ಬದಲು ಸುತ್ತಲೂ ಹೆಣೆಯಿರಿ ಎಂದು ಜೀವನವಿಡೀ ಹೇಳಿದವರು ಅವರು. ಕುಲಾವಿಗೆ ಮಾತ್ರ ಸಾಮಾನ್ಯ 40 ಸೆಂಟಿಮೀಟರ್ ಕೇಬಲ್ ಕಡ್ಡಿಯೂ ಉದ್ದವಾಯಿತು, 72 ಕುಣಿಕೆ ಅದನ್ನು ಸುತ್ತಿ ಮುಟ್ಟುವುದಿಲ್ಲ. ಪರಿಹಾರ ಬಂದದ್ದು ಉಲ್ಟಾ ದಾರಿಯಲ್ಲಿ. 80 ಅಥವಾ 100 ಸೆಂಟಿಮೀಟರಿನ ಉದ್ದ ಕೇಬಲ್ ತೆಗೆದುಕೊಂಡು, ಕುಣಿಕೆಗಳನ್ನು ಅರ್ಧರ್ಧ ಮಾಡಿ, ಮಧ್ಯದಲ್ಲಿ ಹೆಚ್ಚುವರಿ ವೈರನ್ನು ಬಳೆಯಂತೆ ಹೊರಗೆಳೆದು ಅರ್ಧ ಅರ್ಧವಾಗಿ ಹೆಣೆಯುವುದು. 2002ರಲ್ಲಿ ಒಂದು ಸಣ್ಣ ಪುಸ್ತಿಕೆಯ ಮೂಲಕ ‘ಮ್ಯಾಜಿಕ್ ಲೂಪ್’ ಹೆಸರಿನಲ್ಲಿ ಇದು ಪ್ರಚಾರವಾಯಿತು. ಕುಲಾವಿ, ಕಾಲುಚೀಲ, ತೋಳು, ದೊಡ್ಡವರ ಸ್ವೆಟರ್ ಎಲ್ಲಕ್ಕೂ ಒಂದೇ ಕಡ್ಡಿ. ಹಾಳೆಯಂತೆ ಹೆಣೆಯಲಿಕ್ಕೂ ಅದೇ ಆಗುತ್ತದೆ. ತೂಕವೆಲ್ಲ ತೊಡೆಯ ಮೇಲಿರುವುದರಿಂದ ಮಣಿಕಟ್ಟಿಗೆ ಭಾರವಿಲ್ಲ, ಬಸ್ಸಿನಲ್ಲಿ ಪಕ್ಕದವರ ಪಕ್ಕೆಗೆ ತಿವಿಯುವುದೂ ಇಲ್ಲ. ಒಂದೇ ಕಡ್ಡಿ ಕೊಳ್ಳುವ ಹಣವಿದ್ದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಕೊಳ್ಳುವಾಗ ವೈರು ಕಡ್ಡಿಗೆ ಸೇರುವ ಜಾಗದ ಮೇಲೆ ಉಗುರು ಓಡಿಸಿ ನೋಡಿ. ಅಲ್ಲಿ ಉಗುರು ತಡೆದರೆ ಪ್ರತಿ ಸುತ್ತಿನಲ್ಲೂ ದಾರ ತಡೆಯುತ್ತದೆ.

ಜಗತ್ತಿನಲ್ಲಿ ಹೆಣೆಯುವವರಿಗಾಗಿ ಹುಟ್ಟಿದ ಸಾಮಾನುಗಳಲ್ಲಿ ನನಗೆ ಅತ್ಯಂತ ಜಾಣತನದ್ದಾಗಿ ಕಾಣುವುದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳ ಹೆಣಿಗೆ ಬೆಲ್ಟು. ಚರ್ಮದ ಬೆಲ್ಟಿನ ಮೇಲೆ ಕುದುರೆಕೂದಲು ತುರುಕಿದ ಪುಟ್ಟ ದಿಂಬು, ಅದರ ಚರ್ಮದ ತುಂಬ ತೂತುಗಳು. ಸೊಂಟಕ್ಕೆ ಕಟ್ಟಿ, ಉದ್ದ ಉಕ್ಕಿನ ಕಡ್ಡಿಯೊಂದರ ಹಿಂತುದಿಯನ್ನು ತೂತಿಗೆ ಚುಚ್ಚಿದರೆ ಆ ಕಡ್ಡಿ ಅಲ್ಲಾಡದೆ ನಿಲ್ಲುತ್ತದೆ. ಬಲಗೈಗೆ ಕಡ್ಡಿ ಹಿಡಿಯುವ ಕೆಲಸವೇ ಇಲ್ಲ, ಬೆರಳು ದಾರ ಎಸೆಯುವುದಕ್ಕೆ ಮಾತ್ರ. ಅಲ್ಲಿನ ಹೆಂಗಸರು ಉರುವಲಿನ ಪೀಟ್ ಮಣ್ಣಿನ ಬುಟ್ಟಿ ಬೆನ್ನಿಗೆ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದ ಫೋಟೊಗಳು ಉಳಿದಿವೆ. ಅದು ಹವ್ಯಾಸವಲ್ಲ, ಹೊಟ್ಟೆಪಾಡು. ಹೆಣೆದ ಸರಕನ್ನು ವ್ಯಾಪಾರಿಗೆ ಕೊಟ್ಟು ದಿನಸಿ ತರಬೇಕಿತ್ತು, ನಡೆಯುವ ಹೊತ್ತೂ ದಂಡವಾಗುವಂತಿರಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಕಣಿವೆಗಳಲ್ಲಿ ಇದೇ ಕೆಲಸಕ್ಕೆ ಮರದ ಕೊಳವೆಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಹುಡುಗರು ಅದರ ಮೇಲೆ ಚಿತ್ತಾರ ಕೆತ್ತಿ ಒಲಿದವಳಿಗೆ ಕೊಡುವ ರೂಢಿಯಿತ್ತು.

ನಮ್ಮಲ್ಲಿ ಹೊಟ್ಟೆಪಾಡಿಗೆ ಹೀಗೆ ಹೆಣೆಯುವವರು ವಿರಳ. ಚಳಿಗಾಲದಲ್ಲಿ ಕರ್ನಾಟಕದ ಊರೂರಿನ ರಸ್ತೆ ಬದಿಯಲ್ಲಿ ಟಿಬೆಟನ್ನರು ಸ್ವೆಟರ್ ಅಂಗಡಿ ಹಾಕುತ್ತಾರೆ. ಹೆಚ್ಚಿನವು ಲುಧಿಯಾನದಲ್ಲಿ ಯಂತ್ರ ಹೆಣೆದವು, ಅಗ್ಗ, ಗಟ್ಟಿ. ಕೈಹೆಣಿಗೆ ಹಣ ಉಳಿಸುವ ಕೆಲಸವಾಗಿ ಉಳಿದಿಲ್ಲ. ಖರ್ಚಾಗುವುದು ಮುಖ್ಯವಾಗಿ ಹೊತ್ತು. ಆದ್ದರಿಂದ ಯಾವ ಸಾಮಾನು ಬೇಕು, ಯಾವುದು ಬೇಡ ಎಂದು ಅಳೆಯಲು ನನ್ನದೊಂದೇ ಕೋಲು: ಹೆಣೆದದ್ದನ್ನು ಬಿಚ್ಚುವ ಗತಿ ಬಾರದಂತೆ ಅದು ತಡೆಯುತ್ತದೆಯೆ? ಈ ಕೋಲಿಗೆ ಸಿಕ್ಕಿದರೆ ಅಂಗಡಿಯ ಅರ್ಧ ಸಾಮಾನು ಅಲ್ಲೇ ಉದುರುತ್ತದೆ.

ಉದುರದೆ ಉಳಿಯುವುದರಲ್ಲಿ ಮೊದಲಿನದು ಒಂದು ಕ್ರೋಶಾ ಕಡ್ಡಿ, ಹೆಣೆಯುವ ಕಡ್ಡಿಗಿಂತ ಸ್ವಲ್ಪ ತೆಳುವಾದದ್ದು. ಒಂದು ಕುಣಿಕೆ ಜಾರಿದರೆ ಅದು ಕೆಳಗಿನ ಸಾಲಿಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಇಳಿಯುತ್ತಾ, ಬಟ್ಟೆಯಲ್ಲಿ ಅಡ್ಡದಾರಗಳ ಒಂದು ಸೀಳು ಬಿಡುತ್ತದೆ. ಹೊಸಬರು ಗಾಬರಿಯಾಗಿ ಇಡೀ ಹೆಣಿಗೆ ಬಿಚ್ಚುತ್ತಾರೆ. ಬಿಚ್ಚಬೇಕಿಲ್ಲ. ಕೆಳಗೆ ನಿಂತ ಕುಣಿಕೆಗೆ ಕ್ರೋಶಾ ಕೊಕ್ಕೆ ತೂರಿಸಿ, ಅದರ ಮೇಲಿನ ಅಡ್ಡದಾರವನ್ನು ಕೊಕ್ಕೆಯಲ್ಲಿ ಹಿಡಿದು ಕುಣಿಕೆಯೊಳಗಿಂದ ಈಚೆಗೆ ಎಳೆಯಿರಿ; ಒಂದು ಸಾಲು ಮೇಲೆ ಬಂತು. ಹೀಗೆ ಒಂದೊಂದೇ ಏರಿಸಿ ತುದಿಯಲ್ಲಿ ಕಡ್ಡಿಗೆ ಸಿಕ್ಕಿಸಿದರೆ ಸೀಳು ಬಿದ್ದಿತ್ತೆಂದು ಯಾರಿಗೂ ಗೊತ್ತಾಗದು.

ಬಲೆಯಂತೆ ತೂತುತೂತಾದ ಲೇಸ್ ಹೆಣಿಗೆಯಲ್ಲಿ ಮಾತ್ರ ಹೀಗೆ ಏರಿಸುವುದು ಕಷ್ಟ. ಅದಕ್ಕೆ ಇನ್ನೊಂದು ಉಪಾಯ, ಇದಕ್ಕೆ ದುಡ್ಡೇ ಬೇಡ. ಸರಿಯಾಗಿದೆ ಎಂದು ಖಾತ್ರಿಯಾದ ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ಹೊಲಿಗೆ ದಾರವನ್ನು ದಬ್ಬಳದಿಂದ ಪೋಣಿಸಿ ಹಾಗೇ ಬಿಟ್ಟು ಮುಂದೆ ಹೆಣೆಯುವುದು. ಮೇಲೆ ತಪ್ಪಾದರೆ ಬಿಚ್ಚಿಕೊಂಡು ಬಂದದ್ದು ಆ ದಾರದ ಬಳಿ ನಿಲ್ಲುತ್ತದೆ, ಅದರ ಕೆಳಗಿನ ದುಡಿಮೆ ಸುರಕ್ಷಿತ. ದಬ್ಬಳದ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಳ್ಳಬೇಕು, ಚೂಪಿದ್ದರೆ ಎಳೆಗಳನ್ನು ಸೀಳುತ್ತದೆ. ತುಂಡುಗಳನ್ನು ಸೇರಿಸಲು, ದಾರದ ಕೊನೆಗಳನ್ನು ಹುದುಗಿಸಲು, ಕಾಲುಚೀಲದ ಬೆರಳಿನ ಕಡೆಯನ್ನು ಗುರುತಿಲ್ಲದಂತೆ ಮುಚ್ಚಲು ಇದೇ ಸೂಜಿ. ಆ ಮುಚ್ಚುವ ಹೊಲಿಗೆಗೆ ಇಂಗ್ಲಿಷಿನವರು ಇಟ್ಟ ಹೆಸರು ಕಿಚನರ್ ಸ್ಟಿಚ್: 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕನಾಗಿದ್ದ ಲಾರ್ಡ್ ಕಿಚನರ್ ಹೆಸರೇ.

ಎಣಿಕೆಯ ಸಾಮಾನುಗಳಿಗೆ ಬಂದರೆ, ನಮ್ಮ ಮನೆಗಳಲ್ಲಿ ಇರುವುದೇ ಹೆಚ್ಚು. ಸಾಲೆಣಿಕೆಗೆಂದು ಕಡ್ಡಿಗೆ ತೂರಿಸುವ ಪುಟ್ಟ ಕೌಂಟರುಗಳನ್ನು ಮಾರುತ್ತಾರೆ. ದೇವಸ್ಥಾನದ ಬೀದಿಗಳಲ್ಲಿ ಜಪಕ್ಕೆಂದು ಸಿಗುವ, ಬೆರಳಿಗೆ ಹಾಕಿ ಒತ್ತುವ ಕೌಂಟರ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದೂ ಬೇಡವೆಂದರೆ ಬಟ್ಟಲಿನಲ್ಲಿ ಹುಣಸೆಬೀಜ. ತೋಳು ಎಲ್ಲಿ ಶುರು, ಸುತ್ತು ಎಲ್ಲಿ ಮುಗಿಯಿತು ಎಂದು ಗುರುತಿಡುವ ಬಣ್ಣದ ಉಂಗುರಗಳಿಗೆ ಜ್ಯೂಸ್ ಸ್ಟ್ರಾ ಕತ್ತರಿಸಿದ ಚೂರುಗಳು ನಡೆಯುತ್ತವೆ, ಬೇರೆ ಬಣ್ಣದ ದಾರದ ಗಂಟೂ ನಡೆಯುತ್ತದೆ. ಕುತ್ತಿಗೆಯ ಕುಣಿಕೆಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಲು ದೊಡ್ಡ ಸೇಫ್ಟಿ ಪಿನ್ನು, ಜಡೆಯಂಥ ಕೇಬಲ್ ವಿನ್ಯಾಸದಲ್ಲಿ ಮೂರು ಕುಣಿಕೆ ಮುಂದಕ್ಕೆ ತಡೆಹಿಡಿಯಲು ತುರುಬಿನ ಪಿನ್ನು. ಕಡ್ಡಿಯ ತುದಿಯಿಂದ ಹೆಣಿಗೆ ಜಾರದಂತೆ ಚುಚ್ಚಿಡಲು ರಬ್ಬರಿನ ತುಂಡು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಸುವುದು ಒಂದು ಸ್ಟೀಲ್ ಸ್ಕೇಲು. ಟೈಲರಿನ ಟೇಪು ಹಳೆಯದಾದಂತೆ ಹಿಗ್ಗುತ್ತದೆ, ನಂಬುವಂತಿಲ್ಲ. ಮಾದರಿಯಲ್ಲಿ ‘10 ಸೆಂಟಿಮೀಟರಿಗೆ 22 ಕುಣಿಕೆ’ ಎಂದಿದ್ದರೆ, ಅಂಗೈ ಮೀರಿದಷ್ಟು ಅಗಲದ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಅಂಚು ಬಿಟ್ಟು ನಡುವೆ ಸ್ಕೇಲ್ ಇಟ್ಟು ಎಣಿಸಬೇಕು. 90 ಸೆಂಟಿಮೀಟರ್ ಎದೆಗೆ ಮಾದರಿ ಹೇಳುವುದು 198 ಕುಣಿಕೆ. ನಿಮ್ಮ ಕೈ ಸಡಿಲವಾಗಿ 20 ಬರುತ್ತಿದ್ದರೆ ಅದೇ 198 ಕುಣಿಕೆ 99 ಸೆಂಟಿಮೀಟರ್ ಆಗುತ್ತದೆ. ಎರಡೇ ಕುಣಿಕೆಯ ವ್ಯತ್ಯಾಸಕ್ಕೆ ಮಗಳ ಸ್ವೆಟರ್ ಅಪ್ಪನಿಗೆ ಸರಿಹೋಗುತ್ತದೆ. ಕಡ್ಡಿ ಒಂದು ಅಳತೆ ಸಣ್ಣದು ಮಾಡಿ ಮತ್ತೊಂದು ಚೌಕ ಹೆಣೆಯಿರಿ. ಒಂದು ಸಂಜೆ ಹೋದೀತು, ತಿಂಗಳು ಹೋಗುವುದಿಲ್ಲ. ಇನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ 100 ಗ್ರಾಂ ಉಂಡೆಯನ್ನು ಎರಡು ಕಾಲುಚೀಲಕ್ಕೆ ಸಮನಾಗಿ ಪಾಲು ಮಾಡಬಹುದು; ಎರಡನೆಯದು ಪಾದದ ಮಧ್ಯದಲ್ಲಿ ನಿಂತುಬಿಡುವ ಪೇಚಾಟ ತಪ್ಪುತ್ತದೆ.

ಜಾಹೀರಾತುಗಳಲ್ಲಿ ಚೆಂದ ಕಾಣುವ ದೊಡ್ಡ ಸಾಮಾನುಗಳ ಮಾತು ಬೇರೆ. ಲಡಿಯನ್ನು ಬಿಡಿಸುವ ಛತ್ರಿಯಾಕಾರದ ಚಕ್ರ, ಉಂಡೆ ಸುತ್ತುವ ಯಂತ್ರ, ಹೆಣೆದದ್ದನ್ನು ಒದ್ದೆ ಮಾಡಿ ಚಾಚಿ ಪಿನ್ನು ಚುಚ್ಚಿಡುವ ಮ್ಯಾಟು. ಕೈಯಲ್ಲಿ ಬಣ್ಣ ಹಾಕಿದ ಉಣ್ಣೆಯನ್ನು ಲಡಿಯಾಗಿ ಮಾರುವ ದೇಶಗಳಲ್ಲಿ ಇವಕ್ಕೆ ಅರ್ಥವಿದೆ. ಶೆಟ್‌ಲ್ಯಾಂಡಿನಲ್ಲಿ ಸ್ವೆಟರ್ ಒಗೆದು ತೊಡಿಸಿ ಒಣಗಿಸಲೆಂದೇ ಮರದ ಚೌಕಟ್ಟುಗಳಿವೆ. ನಮ್ಮ ಅಂಗಡಿಗಳ ‘ಉಲ್ಲನ್’ ಬಹುಪಾಲು ಅಕ್ರಿಲಿಕ್, ಉಂಡೆಯಾಗಿಯೇ ಬರುತ್ತದೆ. ಅಕ್ರಿಲಿಕ್ಕನ್ನು ನೀರಲ್ಲಿ ನೆನೆಸಿ ಎಷ್ಟು ಚಾಚಿ ಪಿನ್ನು ಚುಚ್ಚಿದರೂ ಒಣಗಿದ ಮೇಲೆ ಅದು ತನ್ನ ಮೊದಲಿನ ಆಕಾರಕ್ಕೇ ಹೋಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿದರೆ ಸೊರಗಿ ಜೋಲುತ್ತದೆ, ಮತ್ತೆ ಸರಿಯಾಗುವುದಿಲ್ಲ. ನಿಜವಾದ ಉಣ್ಣೆಯಲ್ಲಿ ಲೇಸ್ ಶಾಲು ಹೆಣೆದವರಿಗೆ ಚಾಚಿ ಒಣಗಿಸುವುದು ಬೇಕೇ ಬೇಕು. ಅವರಿಗೂ ಮಕ್ಕಳು ಆಡುವ ಅಕ್ಷರದ ಫೋಮ್ ಮ್ಯಾಟು, ತುಕ್ಕು ಹಿಡಿಯದ ಪಿನ್ನು ಸಾಕು. ಉಣ್ಣೆಗೆ ನುಸಿಯ ಕಾಟವಿದೆ. ಗಾಳಿಯಾಡದ ಚೀಲದಲ್ಲಿ ಕಟ್ಟಿ ನುಸಿಗುಳಿಗೆಯನ್ನೋ ಒಣಗಿದ ಬೇವಿನೆಲೆಯನ್ನೋ ಜೊತೆಗಿಡುವುದು ಗೊತ್ತಿದ್ದದ್ದೇ. ಗುಳಿಗೆ ಇಟ್ಟಿದ್ದನ್ನು ಮಗುವಿಗೆ ತೊಡಿಸುವ ಮುಂಚೆ ಒಗೆದು ಬಿಸಿಲಿಗೆ ಹಾಕಲೇಬೇಕು.

ಹಬ್ಬದ ಹೊತ್ತಿಗೆ ಆನ್‌ಲೈನಿನಲ್ಲಿ ‘ಐವತ್ತು ಐಟಂಗಳ ನಿಟ್ಟಿಂಗ್ ಕಿಟ್’ ಎಂದು ಜಿಪ್ ಪೆಟ್ಟಿಗೆ ಮಾರುತ್ತಾರೆ. ಅದರಲ್ಲಿನ ಬಹುಪಾಲು ಪ್ಲಾಸ್ಟಿಕ್ ಉಂಗುರಗಳು, ಬಾಗುವ ಕಡ್ಡಿಗಳು. ಉಡುಗೊರೆ ಕೊಡಲೂ ಅದು ಬೇಡ. ಅದೇ ದುಡ್ಡಿಗೆ 4 ಮಿಲಿಮೀಟರಿನ, 80 ಸೆಂಟಿಮೀಟರ್ ಉದ್ದದ ಒಂದು ಒಳ್ಳೆಯ ಕೇಬಲ್ ಕಡ್ಡಿ, ಒಂದು ಗೇಜ್ ಪಟ್ಟಿ, ಒಂದು ಕ್ರೋಶಾ ಕಡ್ಡಿ, ಒಂದು ದಬ್ಬಳ ಕೊಳ್ಳಿ, ಮಿಕ್ಕಿದ್ದಕ್ಕೆ ದಾರ.